ಏಜೆನ್ಸಿ ಮೂಲಕ ಕೆಲಸಕ್ಕೆ ಸೇರುವ ಮುಂಚೆ ಕನ್ವರ್ಷನ್ ಫೀ ಎಷ್ಟು ಅಂತ ಕೇಳಿ

ದೊಡ್ಡ ಸ್ಟಾಫಿಂಗ್ ಏಜೆನ್ಸಿಯಿಂದ ಫೋನ್ ಬಂದಿದೆಯಾ? "ಈಗ ಕಾಂಟ್ರಾಕ್ಟ್, ಆರು ತಿಂಗಳಾದ ಮೇಲೆ ಪಕ್ಕಾ ಪರ್ಮನೆಂಟ್" ಅಂತ ಹೇಳಿದರಾ? ಸಹಿ ಹಾಕುವ ಮುಂಚೆ ಇದನ್ನೊಮ್ಮೆ ಓದಿ. ಏಜೆನ್ಸಿಯ ಹೆಸರು ಬರೆಯುವುದಿಲ್ಲ. ಈ ವ್ಯವಹಾರ ಬಹಳ ಕಡೆ ನಡೆಯುವುದೇ ಹೀಗೆ.

ನಾನು ಕೂರುತ್ತಿದ್ದದ್ದು ಒಂದು ಕಂಪನಿಯಲ್ಲಿ, ಸಂಬಳ ಬರುತ್ತಿದ್ದದ್ದು ಏಜೆನ್ಸಿಯಿಂದ. ಕೆಲಸ ಚೆನ್ನಾಗಿಯೇ ನಡೆದಿತ್ತು. ಕಾಂಟ್ರಾಕ್ಟ್ ಮುಗಿಯುತ್ತಾ ಬಂದಾಗ ಅಲ್ಲಿನ ಮ್ಯಾನೇಜರ್ ಕರೆದು, "ನಿಮ್ಮನ್ನು ನಮ್ಮ ಕಡೆಗೇ ತಗೋತೀವಿ" ಎಂದರು. ಎಚ್‌ಆರ್ ಜೊತೆ ಮಾತೂ ಆಯಿತು. ಆಮೇಲೆ ಯಾರೂ ಬಾಯಿ ಬಿಡಲಿಲ್ಲ. ಬೆನ್ನು ಬಿದ್ದು ಕೇಳಿದ ಮೇಲೆ ವಿಷಯ ಹೊರಬಂತು. ನನ್ನನ್ನು ಪರ್ಮನೆಂಟ್ ಮಾಡಿಕೊಳ್ಳಬೇಕಾದರೆ ಕಂಪನಿ ಏಜೆನ್ಸಿಗೆ ಕನ್ವರ್ಷನ್ ಫೀ ಕಟ್ಟಬೇಕು. ಅದೂ ನನ್ನ ವರ್ಷದ ಸಂಬಳದ ಮೇಲೆ ಇಷ್ಟು ಪರ್ಸೆಂಟ್ ಅಂತ. ಆ ವರ್ಷದ ಬಜೆಟ್‌ನಲ್ಲಿ ಅದಕ್ಕೆ ಹಣವಿರಲಿಲ್ಲ, ಏಜೆನ್ಸಿ ಸ್ವಲ್ಪವೂ ಇಳಿಸಲಿಲ್ಲ. ಈ ಷರತ್ತು ಇದ್ದದ್ದು ಅವರಿಬ್ಬರ ಒಪ್ಪಂದದಲ್ಲಿ, ಅದನ್ನು ನನಗೆ ಯಾರೂ ತೋರಿಸಿರಲಿಲ್ಲ. ಸರಿ, ಏಜೆನ್ಸಿ ಬಿಟ್ಟು ನೇರವಾಗಿ ಸೇರೋಣ ಅಂದರೆ, ಕ್ಲೈಂಟ್ ಕಂಪನಿಗೆ ಒಂದು ವರ್ಷ ಸೇರುವಂತಿಲ್ಲ ಎಂಬ ಸಾಲು ನನ್ನ ಕಾಗದದಲ್ಲಿತ್ತು. ಕಂಪನಿಯವರು ತಗಾದೆ ಬೇಡ ಎಂದು ಸುಮ್ಮನಾದರು. ಕಾಂಟ್ರಾಕ್ಟ್ ಮುಗಿಯಿತು, ನನ್ನ ಜಾಗಕ್ಕೆ ಅದೇ ಏಜೆನ್ಸಿ ಇನ್ನೊಬ್ಬರನ್ನು ಕಳಿಸಿತು.

ಹೀಗೇಕೆ ಅಂದರೆ, ಅವರ ದುಡ್ಡು ಬರುವ ದಾರಿ ನೋಡಬೇಕು. ನಿಮ್ಮ ಒಂದು ಗಂಟೆಯ ಕೆಲಸಕ್ಕೆ ಕಂಪನಿ ಏಜೆನ್ಸಿಗೆ ಕೊಡುವುದು ಬಿಲ್ ರೇಟ್. ಅದರಲ್ಲಿ ನಿಮ್ಮ ಕೈಗೆ ಬರುವುದು ಪೇ ರೇಟ್. ನಡುವಿನ ಹಣದಲ್ಲಿ ಕಾನೂನು ಪ್ರಕಾರ ಕಟ್ಟಬೇಕಾದ್ದು, ವಿಮೆ, ಅವರ ಆಫೀಸು ಖರ್ಚು ಎಲ್ಲ ಕಳೆದು ಉಳಿದದ್ದು ಲಾಭ. ಇದೇನೂ ಮೋಸವಲ್ಲ, ಅವರ ವ್ಯಾಪಾರ. ಆದರೆ ನೀವು ಕಾಂಟ್ರಾಕ್ಟ್‌ನಲ್ಲಿ ಇರುವಷ್ಟು ದಿನ ಮಾತ್ರ ಆ ಹಣ ಬರುತ್ತದೆ. ಹಾಲು ಕರೆಯುತ್ತಿರುವ ಹಸುವನ್ನು ಯಾರಾದರೂ ಸುಮ್ನೆ ಬಿಟ್ಟುಕೊಡುತ್ತಾರಾ? ಅಲ್ಲಿ ಗಿರಾಕಿ ಕಂಪನಿ, ನಾವಲ್ಲ. ಫೋನ್‌ನಲ್ಲಿ ಅಷ್ಟು ಆತ್ಮೀಯವಾಗಿ ಮಾತಾಡುವ ರಿಕ್ರೂಟರ್‌ಗೆ ಮೇಲಿನವರು ಕೊಟ್ಟ ಟಾರ್ಗೆಟ್ ಇರುತ್ತದೆ. ಪಾಪ, ಕ್ಲೈಂಟ್ ಜೊತೆಗಿನ ಒಪ್ಪಂದವನ್ನು ಅವರೂ ಎಷ್ಟೋ ಸಲ ನೋಡಿರುವುದಿಲ್ಲ.

ಯುರೋಪಿಯನ್ ಒಕ್ಕೂಟ 2008ರಲ್ಲೇ ಇದಕ್ಕೊಂದು ನಿಯಮ ತಂದಿದೆ. ಕೆಲಸಗಾರ ಆ ಕಂಪನಿಗೇ ಸೇರದಂತೆ ತಡೆಯುವ ಷರತ್ತು ಅಲ್ಲಿ ನಿಲ್ಲುವುದಿಲ್ಲ. ಆದರೆ ಏಜೆನ್ಸಿ ಕಂಪನಿಯಿಂದ ನ್ಯಾಯವಾದ ಶುಲ್ಕ ಪಡೆಯಬಹುದು. ಅಂದರೆ ಅಲ್ಲೂ ಈ ಫೀ ಮಾಯವಾಗಿಲ್ಲ. ನಿಮ್ಮ ಕಡೆಯ ಕಾನೂನು ಬೇರೆ ಇರಬಹುದು, ತಿಳಿದವರಿಗೆ ಕಾಗದ ತೋರಿಸಿ.

ಹಾಗಾಗಿ ಆಫರ್ ಒಪ್ಪುವ ಮುಂಚೆ ಮೇಲ್‌ನಲ್ಲೇ ಕೇಳಿ. ಕನ್ವರ್ಷನ್ ಫೀ ಇದೆಯಾ? ಎಷ್ಟು ಸಮಯ ಕೆಲಸ ಮಾಡಿದ ಮೇಲೆ ಅದು ಇಳಿಯುತ್ತದೆ ಅಥವಾ ಇಲ್ಲವಾಗುತ್ತದೆ? ಬಹಳಷ್ಟು ಒಪ್ಪಂದಗಳಲ್ಲಿ ಹೀಗೆ ಇಳಿಯುವ ಲೆಕ್ಕ ಇರುತ್ತದೆ. ನಿಮ್ಮ ಕಾಂಟ್ರಾಕ್ಟ್ ಅದಕ್ಕಿಂತ ಸ್ವಲ್ಪ ಮುಂಚೆಯೇ ಮುಗಿಯುವಂತಿದ್ದರೆ, ಅದು ಕಾಕತಾಳೀಯ ಅಂತ ನಾನಂತೂ ನಂಬುವುದಿಲ್ಲ.

ಇನ್ನೊಂದು ವಿಷಯ. ಒಂದೇ ಕೆಲಸಕ್ಕೆ ಎರಡು ಏಜೆನ್ಸಿಗಳು ನಿಮ್ಮ ರೆಸ್ಯೂಮ್ ಕಳಿಸಿದರೆ, ಕಮಿಷನ್ ಯಾರಿಗೆ ಎಂಬ ಜಗಳ ಬೇಡವೆಂದು ಕಂಪನಿ ಎರಡನ್ನೂ ಪಕ್ಕಕ್ಕಿಡುವುದುಂಟು. ಕಂಪನಿಯ ಹೆಸರು ಹೇಳದೆ "ರೆಸ್ಯೂಮ್ ಕಳಿಸಿಬಿಡಲಾ?" ಅಂದರೆ ಬೇಡ ಅನ್ನಿ.

ರಿಜಿಸ್ಟ್ರೇಷನ್, ಟ್ರೇನಿಂಗ್, ಡೆಪಾಸಿಟ್ ಅಂತ ನಿಮ್ಮಿಂದಲೇ ಹಣ ಕೇಳಿದರೆ ಫೋನ್ ಇಟ್ಟುಬಿಡಿ. ಕೆಲಸ ಹುಡುಕುವವರಿಂದ ಏಜೆನ್ಸಿ ಶುಲ್ಕ ತೆಗೆದುಕೊಳ್ಳಬಾರದು ಎನ್ನುವುದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆಯ ಮೂಲ ನಿಯಮ. ಕೆಲವು ವಿನಾಯಿತಿಗಳಿವೆ, ಎಲ್ಲ ದೇಶಗಳೂ ಅದನ್ನು ಒಪ್ಪಿಲ್ಲ. ಆದರೂ ದೊಡ್ಡ ಏಜೆನ್ಸಿಯ ಹೆಸರಲ್ಲಿ ಹೀಗೆ ಹಣ ಕೇಳುವವರು ಹೆಚ್ಚಾಗಿ ಆ ಏಜೆನ್ಸಿಯವರೇ ಆಗಿರುವುದಿಲ್ಲ.

ನನ್ನ ಮ್ಯಾನೇಜರ್ ಈಗಲೂ ಪರಿಚಯದಲ್ಲಿದ್ದಾರೆ. ಒಂದು ವರ್ಷ ಕಳೆಯಲಿ, ನೇರವಾಗಿ ಅರ್ಜಿ ಹಾಕಿ ಎಂದಿದ್ದಾರೆ.