ಮೂರು ವರ್ಷ ಇವರ ಕೈಲಿ ಅಮೆರಿಕಕ್ಕೆ ಖಾರಪುಡಿ ಕಳಿಸಿದ್ದೇನೆ

ಮಗಳು ನ್ಯೂಜೆರ್ಸಿಗೆ ಹೋದ 2022ರಿಂದ ಹುಬ್ಬಳ್ಳಿಯ ಈ ಆನ್‌ಲೈನ್ ಅಂಗಡಿಯಿಂದಲೇ ಅವಳಿಗೆ ಬ್ಯಾಡಗಿ ಖಾರಪುಡಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಖಡಕ್ ರೊಟ್ಟಿ ಕಳಿಸುತ್ತ ಬಂದಿದ್ದೇನೆ. ಮಾಲಿನ ಬಗ್ಗೆ ತಕರಾರಿಲ್ಲ. ಖಾರಪುಡಿಗೆ ಸುಕ್ಕುಸುಕ್ಕಾದ ಕಡ್ಡಿ ಮೆಣಸಿನಕಾಯಿಯನ್ನೇ ಕುಟ್ಟುತ್ತಾರೆ. ಸಾರಿಗೆ ಅರ್ಧ ಚಮಚ ಹಾಕಿದರೆ ಸಾಕು, ಬಣ್ಣ ಏರುತ್ತದೆ, ನಾಲಿಗೆ ಉರಿಯುವುದಿಲ್ಲ. ಹಾಲಿನ ಪದಾರ್ಥ ಎಂದು ಧಾರವಾಡ ಪೇಡೆಯನ್ನು ಪಟ್ಟಿಯಿಂದ ತೆಗೆದದ್ದೊಂದೇ ಬೇಸರ.

ನಾನು ಬರೆಯಬೇಕೆಂದದ್ದು 2025ರ ಕಥೆ. ಮೊದಲು 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಅಮೆರಿಕದಲ್ಲಿ ಸುಂಕವೇ ಇರಲಿಲ್ಲ. 2025ರ ಆಗಸ್ಟ್ 29ಕ್ಕೆ ಆ ವಿನಾಯಿತಿ ಹೋಯಿತು. ಅದಕ್ಕೂ ಮೊದಲೇ, ಆಗಸ್ಟ್ 25ರಿಂದ, ನಮ್ಮ ಅಂಚೆ ಇಲಾಖೆ ಅಲ್ಲಿಗೆ ಹೆಚ್ಚಿನ ಪಾರ್ಸೆಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಚೌತಿ ಹೊತ್ತಿಗೆ ನಾನು ಹಾಕಿದ ಆರ್ಡರ್ ನಡುವೆ ಸಿಕ್ಕಿಕೊಂಡಿತು. ಸುದ್ದಿ ಎಲ್ಲೆಡೆ ಬಂದ ಮೇಲೂ ಇವರು ಹಳೆಯ ದರದಲ್ಲೇ ಹಣ ಕಟ್ಟಿಸಿಕೊಂಡರು, ಇದು ತಪ್ಪು. ಸೆಪ್ಟೆಂಬರಿನಲ್ಲಿ ಖಾಸಗಿ ಕೊರಿಯರ್‌ಗೆ ಹಾಕಿದರು. ಅಲ್ಲಿ ಮಗಳು ಬಾಗಿಲಲ್ಲಿ ಸುಂಕ, ಮೇಲೆ ಕೊರಿಯರಿನವರ ಶುಲ್ಕ ಕೊಟ್ಟು ಡಬ್ಬಿ ಬಿಡಿಸಿಕೊಂಡಳು. ಅವ್ವ ಕಳಿಸಿದ ಚಟ್ನಿಗೆ ಅವಳು ದುಡ್ಡು ಕೊಡುವಂತಾಯಿತಲ್ಲ ಎಂದು ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಅಂಗಡಿಗೆ ಫೋನ್ ಮಾಡಿ, ಮುಂದಿನ ಸಲ ಡಬ್ಬಿಯ ಮೇಲೆ ಉಡುಗೊರೆ ಎಂದು ಬರೆಯಿರಿ ಅಂದೆ. 100 ಡಾಲರ್ ಒಳಗಿನ ಉಡುಗೊರೆಗೆ ಸುಂಕವಿಲ್ಲ ಎಂದು ಯಾರೋ ಹೇಳಿದ್ದರು. "ಅಂಗಡಿ ಬಿಲ್ಲಿನ ಮಾಲಿಗೆ ಹಂಗ ಬರದ್ರ ಸುಳ್ಳ ಆಗ್ತೈತ್ರಿ ಅಕ್ಕಾರ" ಅಂದರು ಆ ಕಡೆಯ ಹುಡುಗ. ಆ ಕ್ಷಣ ಸಿಟ್ಟು ಬಂದದ್ದು ನಿಜ. ಆದರೆ ನಾನು ಇವರನ್ನು ಬಿಡದೆ ಇರಲು ಆ ಮಾತೇ ಕಾರಣ.

ಅಕ್ಟೋಬರ್ 15ರಿಂದ ಅಂಚೆ ಮತ್ತೆ ಶುರುವಾಯಿತು. ಆಗ ಮಾಲಿನ ಬೆಲೆಯ 50 ಪ್ರತಿಶತ ಸುಂಕವನ್ನು ಇಲ್ಲೇ ಬುಕಿಂಗ್‌ನಲ್ಲಿ ಕಟ್ಟಿದರೆ ಅಲ್ಲಿ ಮಗಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಇವರ ಬಿಲ್ಲಿನಲ್ಲಿ ಈಗ ಮಾಲು, ಸಾಗಣೆ, ಸುಂಕ ಬೇರೆಬೇರೆ ಸಾಲಿನಲ್ಲಿ ಕಾಣುತ್ತವೆ. ನನ್ನ ದೀಪಾವಳಿ ಡಬ್ಬಿಯಲ್ಲಿ ಮಾಲು 3,200 ರೂಪಾಯಿ, ಸುಂಕ 1,600, ಸಾಗಣೆ ಬೇರೆ. ನಿವೃತ್ತಿ ವೇತನದಲ್ಲಿ ಬದುಕುವವರಿಗೆ ಇದು ಭಾರವೇ. ಹೀಗಾಗಿ ತಿಂಗಳಿಗೊಂದು ಸಣ್ಣ ಡಬ್ಬಿ ಬಿಟ್ಟು ಹಬ್ಬಕ್ಕೊಂದು ದೊಡ್ಡದು ಕಳಿಸುತ್ತಿದ್ದೇನೆ. ಪ್ರತಿ ಪದಾರ್ಥದ ಹೆಸರು, ತೂಕ, ಬೆಲೆಯನ್ನು ಅವರೇ ನಮೂದಿಸುತ್ತಾರೆ. ಮಾರುವ ಆಹಾರ ಅಲ್ಲಿಗೆ ಮುಟ್ಟುವ ಮೊದಲೇ ಅಮೆರಿಕದ ಆಹಾರ ಇಲಾಖೆಗೆ ಕೊಡಬೇಕಾದ ಮಾಹಿತಿಯೂ ಅವರ ಹೊಣೆ.

ಒಂದು ಮಾತು ಅಂಗಡಿಯವರಿಗೆ: ಗೋದಾಮಿನಲ್ಲಿ ವಾರಗಟ್ಟಲೆ ಕೂತರೆ ಖಾರಪುಡಿಯ ಬಣ್ಣ ಮಾಸುತ್ತದೆ. ಚೌತಿಯ ಡಬ್ಬಿಯಲ್ಲಿ ಹಾಗೇ ಆಯಿತು. ಪಾರ್ಸೆಲ್ ಹೊರಡುವುದು ಖಾತ್ರಿಯಾದ ಮೇಲೆಯೇ ಕುಟ್ಟಿಸಿ. ಸಂಕ್ರಾಂತಿಗೆ ಡಿಸೆಂಬರ್ ಮೊದಲ ವಾರದಲ್ಲೇ ಆರ್ಡರ್ ಹಾಕುತ್ತೇನೆ, ಕುಸುರೆಳ್ಳು ಮರೆಯಬೇಡಿ.