ಘಾಟಿ ಹತ್ತುವ ಲಾರಿಗೆ ತೆಳು ಆಯಿಲ್ ಹಾಕಿಸುವ ಮುಂಚೆ ಇದನ್ನು ಓದಿ

ಕೊಡಗಿನಲ್ಲಿ ಲಾರಿ ಇಟ್ಟಿರುವವರಿಗೆಲ್ಲ ಹೇಳಬೇಕಾದ ಮಾತಿದು. "ತೆಳು ಆಯಿಲ್ ಹಾಕಿ, ಡೀಸೆಲ್ ಉಳಿಸಿ" ಅಂತ ಯಾರಾದರೂ ಬಂದರೆ ಸುಮ್ನೆ ನಂಬಬೇಡಿ. ಆ ಮಾತಿನಿಂದ ನಮ್ಮಲ್ಲಿ ಒಂದು ಎಂಜಿನ್ ಬಿಚ್ಚಬೇಕಾಯಿತು.

ನಾನು ಕುಶಾಲನಗರದಲ್ಲಿ ಒಬ್ಬ ಮಾಲೀಕರ ಲಾರಿಗಳನ್ನು ನೋಡಿಕೊಳ್ಳುತ್ತೇನೆ. ಕಾಫಿ ತುಂಬಿಕೊಂಡು ಮಂಗಳೂರಿಗೆ ಇಳಿಯುತ್ತವೆ, ವಾಪಸ್ ಬರುವಾಗ ಗೊಬ್ಬರ ಹೇರಿಕೊಂಡು ಸಂಪಾಜೆ ಘಾಟಿ ಹತ್ತುತ್ತವೆ. ಎಲ್ಲವೂ ಬಿಎಸ್3 ಎಂಬ ಹಳೇ ಹೊಗೆ ನಿಯಮದ ಕಾಲದ ಗಾಡಿಗಳು. ಮೊದಲಿಂದಲೂ 15ಡಬ್ಲ್ಯೂ-40 ಆಯಿಲ್. ಇದರಲ್ಲಿ ಮೊದಲ ನಂಬರ್ ಚಳಿಯಲ್ಲಿ ಆಯಿಲ್ ಹೇಗಿರುತ್ತದೆ ಅಂತ, ಕೊನೆಯ ನಂಬರ್ ಬಿಸಿಯಾದಾಗ ಎಷ್ಟು ದಪ್ಪ ಅಂತ ಹೇಳುತ್ತದೆ. ಮಾರಲು ಬಂದವನು ಮಾಲೀಕರಿಗೆ 10ಡಬ್ಲ್ಯೂ-30 ಒಪ್ಪಿಸಿದ. ಕ್ಯಾನ್ ಮೇಲೆ ಎಫ್‌ಎ-4 ಅಂತಿತ್ತು, ಅದು ತೆಳು ಡೀಸೆಲ್ ಎಂಜಿನ್ ಆಯಿಲ್‌ನ ಒಂದು ದರ್ಜೆ. "ಕೊಡಗಿನ ಚಳಿಗೆ ಇದೇ ಸರಿ ಸಾರ್" ಎಂದ. ಎಫ್‌ಎ-4 ಬಂದಿದ್ದೇ 2016ರ ಡಿಸೆಂಬರ್‌ನಲ್ಲಿ, ಅದಕ್ಕೆ ತಕ್ಕಂತೆ ಮಾಡಿದ ಹೊಸ ಎಂಜಿನ್‌ಗಳಿಗೆ. ಆ ಮಾತನ್ನು ಅವನು ಎತ್ತಲೇ ಇಲ್ಲ.

ಚಳಿಯ ಕಥೆಯೂ ಅಷ್ಟೇ. 15ಡಬ್ಲ್ಯೂ ಆಯಿಲ್ ಮೈನಸ್ 20 ಡಿಗ್ರಿಯಲ್ಲೂ ಎಂಜಿನ್ ತಿರುಗಲು ಬಿಡುತ್ತದೆ. ಮಡಿಕೇರಿಯಲ್ಲಿ ಅಂಥ ಚಳಿ ಎಲ್ಲಿದೆ?

ಸ್ವಲ್ಪ ದಿನದಲ್ಲೇ ಡ್ರೈವರ್ ಮಡಿಕೇರಿಯಿಂದ ಫೋನ್ ಮಾಡಿದ. "ಅಣ್ಣಾ, ಘಾಟಿ ಹತ್ತಿ ಬಂದು ಸ್ಲೋ ರನ್ನಿಂಗಲ್ಲಿ ಬಿಟ್ರೆ ಆಯಿಲ್ ಲೈಟ್ ಮಿಣುಕ್ತಾ ಇದೆ." ಮಾರಿದವನನ್ನು ಕೇಳಿದೆವು. "ತೆಳು ಆಯಿಲ್ ಅಲ್ವಾ, ಪ್ರೆಶರ್ ಕಡಿಮೆ ತೋರಿಸುತ್ತೆ, ಓಡಿಸಿ" ಎಂದುಬಿಟ್ಟ. ಆಮೇಲೆ ಕೆಳಗಿನಿಂದ ಟಕ್ ಟಕ್ ಸದ್ದು ಶುರುವಾಯಿತು. ಮೇಸ್ತ್ರಿ ಎಂಜಿನ್ ಕೆಳಗಿನ ಆಯಿಲ್ ಚೇಂಬರ್ ಇಳಿಸಿ ಬೇರಿಂಗ್ ತೆಗೆದು ಅಂಗೈ ಮೇಲಿಟ್ಟ. ಮೇಲಿನ ಬೂದು ಪದರ ಸವೆದು ತಾಮ್ರ ಕಾಣುತ್ತಿತ್ತು. ಉಗುರು ಎಳೆದರೆ ಗೀರಿಗೆ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ನೋಡಿ ನಿಜವಾಗಿ ಹೊಟ್ಟೆ ಉರಿಯಿತು.

ಯಾಕೆ ಹೀಗಾಯಿತು ಅಂದರೆ, ಬೇರಿಂಗ್ ಮತ್ತು ಅದರೊಳಗೆ ತಿರುಗುವ ಕ್ರ್ಯಾಂಕ್ ದಂಡ ಒಂದಕ್ಕೊಂದು ತಾಗದಂತೆ ತಡೆಯುವುದು ಆಯಿಲ್‌ನ ಪದರ. 100 ಡಿಗ್ರಿ ಬಿಸಿಯಲ್ಲಿ 40 ನಂಬರ್ ಆಯಿಲ್‌ನ ದಪ್ಪ 12.5ರಿಂದ 16.3 ಸೆಂಟಿಸ್ಟೋಕ್ಸ್. 30 ನಂಬರ್‌ದು 9.3ರಿಂದ 12.5 ಅಷ್ಟೇ. ಘಾಟಿಯಲ್ಲಿ ಫುಲ್ ಲೋಡ್, ಎಂಜಿನ್ ಮೇಲೆ ಪೂರ್ತಿ ಒತ್ತಡ, ಆಯಿಲ್ ಕಾದು ಇನ್ನೂ ತೆಳು. ತಿರುವಿನಲ್ಲಿ ಆರ್‌ಪಿಎಂ ಬಿದ್ದರೆ ಪದರ ಮತ್ತೂ ಕಡಿಮೆಯಾಗುತ್ತದೆ. ಹಳೇ ಎಂಜಿನ್‌ನಲ್ಲಿ ಸಂದು ಮೊದಲೇ ಸವೆದು ಅಗಲವಾಗಿರುತ್ತದೆ, ಪ್ರೆಶರ್ ಎಲ್ಲಿ ನಿಲ್ಲುತ್ತದೆ?

ಉಳಿತಾಯ ಹೆಚ್ಚೆಂದರೆ ಶೇಕಡಾ 1ರಿಂದ 2. ಅದೂ ಒಂದೇ ವೇಗದಲ್ಲಿ ಓಡುವ ಹೈವೇಯಲ್ಲಿ ಜಾಸ್ತಿ. ಘಾಟಿಯಲ್ಲಿ ಡೀಸೆಲ್ ಕುಡಿಯುವುದು ಮೇಲೆ ಎಳೆಯುವ ಭಾರ. ಅದನ್ನು ಯಾವ ಆಯಿಲ್ ತಪ್ಪಿಸುತ್ತದೆ?

ಹೊಸ ಗಾಡಿಗೆ ಕಂಪನಿಯ ಪುಸ್ತಕದಲ್ಲಿ 30 ನಂಬರ್ ಬರೆದಿದ್ದರೆ ಧಾರಾಳವಾಗಿ ಹಾಕಿಸಿ. ಇಲ್ಲದಿದ್ದರೆ ಬೇಡ. ಈಗಾಗಲೇ ಹಾಕಿಸಿದ್ದರೆ ಆಯಿಲ್ ಬಿಸಿ ಇರುವಾಗಲೇ ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ. ಹಳೇ ಫಿಲ್ಟರ್ ಎಸೆಯಬೇಡಿ. ಕತ್ತರಿಸಿ, ಒಳಗಿನ ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿ. ತಾಮ್ರದ ಬಣ್ಣದ ಪುಡಿ ಹೊಳೆದರೆ ಗಾಡಿಯನ್ನು ಲೋಡಿಗೆ ಕಳಿಸದೆ ನೇರ ಮೇಸ್ತ್ರಿ ಹತ್ತಿರ ಒಯ್ಯಿರಿ.