ಅಜೋಟೋಬ್ಯಾಕ್ಟರ್ ಪೊಟ್ಟಣ: ಪುಡಿ ಗಟ್ಟಿ, ಚೀಟಿ ಪೊಳ್ಳು

ಮುಸುಕಿನ ಜೋಳದ ಬಿತ್ತನೆಗೆಂದು ತಾಲ್ಲೂಕಿನ ಗೊಬ್ಬರದಂಗಡಿಯಲ್ಲಿ 200 ಗ್ರಾಂ ಅಜೋಟೋಬ್ಯಾಕ್ಟರ್ ಪೊಟ್ಟಣವೊಂದನ್ನು ಕೊಂಡೆ. ಗಾಳಿಯ ಸಾರಜನಕವನ್ನು ಹಿಡಿದು ಬೆಳೆಗೆ ಒದಗಿಸುವ ಮಣ್ಣಿನ ಬ್ಯಾಕ್ಟೀರಿಯಾ ಇದು. ಆರಿದ ಬೆಲ್ಲದ ನೀರಿನಲ್ಲಿ ಕಲಸಿದ ಕಪ್ಪು ಪುಡಿ ಬೀಜಕ್ಕೆ ಒಂದೇ ಸಮನೆ ಹಿಡಿಯಿತು. ನೆರಳಿನಲ್ಲಿ ಆರಿದ ಮೇಲೂ ಉದುರಲಿಲ್ಲ.

ಸೂಕ್ಷ್ಮಜೀವಿ ಶಾಸ್ತ್ರ ಕಲಿಸುವುದೇ ನನ್ನ ಕಸುಬಾದ್ದರಿಂದ, ಉಳಿದ ಚಿಟಿಕೆ ಪುಡಿಯನ್ನು ಪ್ರಯೋಗಾಲಯಕ್ಕೆ ಒಯ್ದು ಸಾರಜನಕವಿಲ್ಲದ ಮ್ಯಾನಿಟಾಲ್ ಅಗಾರ್ (ಸೂಕ್ಷ್ಮಜೀವಿ ಬೆಳೆಸಲು ಬಳಸುವ ಹೆಪ್ಪುಗಟ್ಟಿದ ಆಹಾರ) ತಟ್ಟೆಯ ಮೇಲೆ ಎಳೆದೆ. ಮೂರನೆಯ ದಿನಕ್ಕೆ ಲೋಳೆಲೋಳೆಯಾದ ಬಿಳಿ ಚುಕ್ಕೆಗಳು ಎದ್ದವು. ವಾರದೊಳಗೆ ಅವು ಕಂದು ಬಣ್ಣಕ್ಕೆ ತಿರುಗಿದವು. ಬಣ್ಣ ಅಗಾರಿಗೆ ಇಳಿಯದೆ ಚುಕ್ಕೆಗಳಲ್ಲೇ ನಿಂತಿದ್ದರಿಂದ, 1901ರಲ್ಲಿ ಹಾಲೆಂಡಿನ ಬೈಯರಿಂಕ್ ಹೆಸರಿಟ್ಟ ಕ್ರೂಕಾಕಮ್ ಪ್ರಭೇದವೇ ಇದಿರಬೇಕು. ಅಮೆರಿಕದ ವಿಜ್ಞಾನಿ ಲಿಪ್‌ಮನ್ 1903ರಲ್ಲಿ ವರ್ಣಿಸಿದ ವಿನ್‌ಲ್ಯಾಂಡಿ ಎಂಬ ಪ್ರಭೇದವಾಗಿದ್ದರೆ ಹಳದಿ ಮಿಶ್ರಿತ ಹಸಿರು ಬಣ್ಣ ಸುತ್ತಲೂ ಹರಡುತ್ತಿತ್ತು. ಅಂತೂ ಪುಡಿಯಲ್ಲಿ ಜೀವವಿದೆ.

ನನ್ನ ತಕರಾರು ಚೀಟಿಯ ಮೇಲೆ. ಅದರಲ್ಲಿ ಕುಲದ ಹೆಸರಿದೆಯೇ ಹೊರತು ಪ್ರಭೇದದ ಹೆಸರಿಲ್ಲ. ಮೇಲಾಗಿ, ಬೇರುಗಂಟುಗಳು ತುಂಬಿದ ಶೇಂಗಾ ಗಿಡದ ಚಿತ್ರವನ್ನು ಅಚ್ಚು ಹಾಕಿದ್ದಾರೆ. ಗಂಟು ಕಟ್ಟುವುದು ದ್ವಿದಳ ಗಿಡಗಳ ಬೇರಿನೊಳಗೆ ನೆಲೆಸುವ ರೈಜೋಬಿಯಂ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಕೆಲಸ. ಅಜೋಟೋಬ್ಯಾಕ್ಟರ್ ಯಾವ ಬೇರಿನ ಒಳಗೂ ಬಿಡಾರ ಹೂಡದೆ, ಮಣ್ಣಿನಲ್ಲಿ ಸ್ವತಂತ್ರವಾಗಿದ್ದು, ಸಾರಜನಕ ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ತಾಗದಂತೆ ಅದನ್ನು ಭರದಿಂದ ಉಸಿರಾಡಿ ಮುಗಿಸುತ್ತದೆ. ಹಿಂದೆ ಇದಕ್ಕೆ ತನ್ನದೇ ಹೆಸರಿನ ಕುಟುಂಬವಿತ್ತು. ಡಿಎನ್‌ಎ ಹೋಲಿಕೆಯ ನಂತರ ಸ್ಯೂಡೊಮೊನಾಸ್ ಕುಟುಂಬಕ್ಕೆ ಸೇರಿಸಿದರು. ರೈಜೋಬಿಯಂ ಬೇರೆಯದೇ ಕವಲು. ಚಿತ್ರ ನಂಬಿದ ರೈತ ಜೋಳದ ಬೇರು ಕಿತ್ತು ಗಂಟು ಹುಡುಕಿದರೆ ತಪ್ಪು ಅವನದಲ್ಲ.

‘ಎಲ್ಲ ಮಣ್ಣಿಗೂ ಸೂಕ್ತ’ ಎಂಬ ಸಾಲು ಇದಕ್ಕಿಂತ ಕೆಟ್ಟದ್ದು. ಈ ಕುಲಕ್ಕೆ ತಟಸ್ಥ ಅಥವಾ ತುಸು ಕ್ಷಾರೀಯ ಮಣ್ಣು ಬೇಕು. ರಸಸಾರ (pH) 6ಕ್ಕಿಂತ ಕೆಳಗಿಳಿದರೆ ಅದು ಸೊರಗುತ್ತದೆ, ಹುಳಿಮಣ್ಣನ್ನು ತಾಳುವುದು ಅದರ ಹತ್ತಿರದ್ದೆಂದು ಹಿಂದೆ ಎಣಿಸುತ್ತಿದ್ದ ಬೈಯರಿಂಕಿಯಾ ಎಂಬ ಬ್ಯಾಕ್ಟೀರಿಯಾ. ರಸಗೊಬ್ಬರ ನಿಯಂತ್ರಣ ಆದೇಶ ಕೇಳುವ, ಗ್ರಾಂಗೆ ಕನಿಷ್ಠ 5 ಕೋಟಿ ಜೀವಕೋಶಗಳ ಲೆಕ್ಕವನ್ನೇನೋ ಅಚ್ಚುಕಟ್ಟಾಗಿ ಬರೆದಿದ್ದಾರೆ. ಆದರೆ ಅಂಗಡಿಯವರು ಪೊಟ್ಟಣಗಳನ್ನು ಕಾದ ತಗಡಿನ ಶೀಟಿನ ಕೆಳಗೇ ಒಟ್ಟಿದ್ದರು. ನನಗೆ ಸಿಕ್ಕಿದ್ದು ಹೊಸ ಸರಕಾದ್ದರಿಂದ ಬದುಕಿಕೊಂಡಿತು.

ನಮ್ಮ ಕಪ್ಪುಮಣ್ಣಿನ ಹೊಲಕ್ಕೆ ಮುಂದಿನ ಹಂಗಾಮಿನಲ್ಲೂ ಇದನ್ನೇ ತರುತ್ತೇನೆ. ಮಲೆನಾಡಿನ ಹುಳಿಮಣ್ಣಿನಲ್ಲಿ ತೋಟವಿರುವ ಅಣ್ಣ ತನಗೂ ನಾಲ್ಕು ಪೊಟ್ಟಣ ಕಳಿಸೆಂದಿದ್ದ. ಮೊದಲು ಮಣ್ಣು ಪರೀಕ್ಷೆ ಮಾಡಿಸೆಂದು ಹೇಳಿ ಸುಮ್ಮನಾದೆ.